ಕೋತಿ ಕಲಿಸಿದ ರಾಜಿ

ಮಿಲೂದ್ ಮತ್ತು ಹಮ್ಮಾದಿಯ ನಡುವೆ ಮಾತು ನಿಂತದ್ದು ಒಂದು ಮಾಂಸದ ತುಂಡಿನಿಂದ.

ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು. ಅಂದು ಹೆಂಡತಿಯರ ಅಣ್ಣನ ಮಗಳು ಹಸ್ನಾಳ ಮದುವೆಯೂಟ. ಒಂದೇ ದೊಡ್ಡ ಹರಿವಾಣದ ಸುತ್ತ ಗಂಡಸರೆಲ್ಲ ಕೂತಿದ್ದರು. ಅವರವರ ಎದುರಿಗೆ ಇದ್ದದ್ದನ್ನು ಅವರವರು ತಿನ್ನಬೇಕು ಎನ್ನುವುದು ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿರುವ ಮರ್ಯಾದೆ. ಆದರೆ ಮಿಲೂದನ ಕಿವಿ ಪಕ್ಕದವರ ಮಾತಿನ ಮೇಲಿತ್ತು, ಕಣ್ಣು ಬಾಗಿಲ ಮೇಲಿತ್ತು, ಕೈ ತನ್ನ ಪಾಡಿಗೆ ಊರು ಸುತ್ತುತ್ತಿತ್ತು. ಹಮ್ಮಾದಿ ಕೊನೆಯ ತುತ್ತಿಗೆಂದು ಜೋಪಾನ ಮಾಡಿಟ್ಟಿದ್ದ ಕುರಿತೊಡೆಯ ತುಂಡು ಮಿಲೂದನ ಬಾಯಿಗೆ ಹೋಗಿಬಿಟ್ಟಿತು.

"ಈ ದರ್ಜಿ ಎಲ್ಲರ ಬಟ್ಟೆಗೂ ತೋಳು ಅಳೀತಾನೆ, ತನ್ನ ಕೈ ಎಷ್ಟುದ್ದ ಅಂತ ಮಾತ್ರ ಅಳೆದಿಲ್ಲ," ಎಂದ ಹಮ್ಮಾದಿ, ಹರಿವಾಣಕ್ಕೆ ಹೇಳುವವನ ಹಾಗೆ.

"ಆಲಿವ್ ಮಾರೋವನು ಬೀಜ ಎಣಿಸಿ ಎಣಿಸಿ ಈಗ ನೆಂಟರ ತುತ್ತನ್ನೂ ಎಣಿಸ್ತಾನೆ," ಎಂದ ಮಿಲೂದ್.

ಅಷ್ಟೇ. ಹಸ್ನಾಗೆ ಅವಳಿ ಮಕ್ಕಳಾಗಿ, ಅವು ಹಲ್ಲು ಬಂದು ಕಚ್ಚುವಷ್ಟು ದೊಡ್ಡವಾದರೂ ಷಡ್ಡಕರಿಬ್ಬರು ಒಬ್ಬರಿಗೊಬ್ಬರು ಸಲಾಂ ಹೇಳಲಿಲ್ಲ. ಮೆಕ್ನೆಸ್ ಪಟ್ಟಣದ ಹಳೇಪೇಟೆಯಲ್ಲಿ ಇಬ್ಬರದೂ ಒಂದೇ ಮನೆ. ಕೆಳಗೆ ಹಮ್ಮಾದಿ, ಮೇಲೆ ಮಿಲೂದ್, ಬೀದಿಗೆ ಒಂದೇ ಬಾಗಿಲು. ಹಮ್ಮಾದಿಯ ಹೆಂಡತಿ ಅಕ್ಕ ತಾಮು, ಮಿಲೂದನ ಹೆಂಡತಿ ತಂಗಿ ಯಾಮ್ನಾ ಇಬ್ಬರೂ ಬಟ್ಟೆ ಒಣಹಾಕುವ ನೆವದಲ್ಲಿ ತಾರಸಿಯ ಮೇಲೆ ಹಸಿ ಚಾದರಗಳ ಮರೆಯಲ್ಲಿ ಕಳ್ಳಸಾಗಣೆಯವರಂತೆ ಪಿಸುಗುಟ್ಟಿ ಇಳಿದುಬರುತ್ತಿದ್ದರು.

ಒಳಗೊಳಗೆ ಮಿಲೂದನಿಗೂ ಸಾಕಾಗಿತ್ತು. ಮೊದಲೆಲ್ಲ ಸಂಜೆ ಕಾಫಿ ಅಂಗಡಿಯಲ್ಲಿ ಹಮ್ಮಾದಿಯ ಜೊತೆ ಇಸ್ಪೀಟು. ಈಗ ಒಬ್ಬ ಕ್ಷೌರಿಕ ಜೊತೆಗಾರ. ಒಂದು ಎಲೆ ಇಳಿಸಲು ಆ ಮನುಷ್ಯ ತೆಗೆದುಕೊಳ್ಳುವ ಹೊತ್ತಿನಲ್ಲಿ ಎರಡು ಗಡ್ಡ ಬೋಳಿಸಬಹುದಿತ್ತು. ಆದರೂ ಮೊದಲು ಮಾತಾಡುವವನು ತಾನಾಗಬಾರದು ಎಂಬ ಹಟ ಮಿಲೂದನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ನಿಂತಿತ್ತು.

ಇಂಥ ಇಬ್ಬರನ್ನು ಒಂದೇ ವ್ಯಾನಿಗೆ ತುಂಬಿದವಳು ಎದುರುಮನೆಯ ಲಲ್ಲಾ ಬತೂಲ್. ಬೇರೆಯವರ ಮನೆಯ ಬೆಂಕಿ ಉರಿಯಲಿ, ಆರಲಿ, ಅವಳಿಗೆ ಎರಡೂ ಒಂದೇ. ಊದುಕೊಳವೆ ತನ್ನ ಕೈಯಲ್ಲಿರಬೇಕು. "ಭಾನುವಾರ ಎಲ್ಲರೂ ಅಝ್ರೂ ಕಡೆ ಕೋತಿಕಾಡಿಗೆ ಹೋಗೋಣ, ಮಕ್ಕಳು ನೋಡ್ಲಿ," ಎಂದು ಹಸ್ನಾಳನ್ನು ಒಪ್ಪಿಸಿದಳು. ಹಸ್ನಾಳ ಗಂಡ ಲಾರ್ಬಿಗೆ ಸ್ವಂತ ವ್ಯಾನಿತ್ತು. ಬತೂಲ್ ಎರಡು ಮನೆಗೂ ಪ್ರತ್ಯೇಕವಾಗಿ, "ಅವರು ಬರಲ್ಲ, ನೀವು ಮಾತ್ರ," ಎಂದು ಹೇಳಿ ಬಂದಳು.

ಬೆಳಿಗ್ಗೆ ಇಬ್ಬರೂ ಬಾಗಿಲಲ್ಲಿ ಎದುರಾದಾಗ ಹಿಂದಿರುಗಲು ದಾರಿಯಿರಲಿಲ್ಲ. ಹೆಂಡತಿಯರು ಆಗಲೇ ವ್ಯಾನು ಹತ್ತಿ ಕೂತಿದ್ದರು. ಮಿಲೂದ್ ಮುಂದಿನ ಸೀಟಿಗೆ ಹೋದ. ಹಮ್ಮಾದಿ ಕಟ್ಟಕಡೆಯದಕ್ಕೆ ಹೋದ. ಮಧ್ಯದಲ್ಲಿ ಬತೂಲ್, ಅಂಚೆಕಚೇರಿಯ ಹಾಗೆ.

"ಲಲ್ಲಾ ಬತೂಲ್, ಮುಂದೆ ಕೂತವರಿಗೆ ಸ್ವಲ್ಪ ಕಿಟಕಿ ಮುಚ್ಚೋಕೆ ಹೇಳಿ," ಎಂದ ಹಮ್ಮಾದಿ.

"ಮಿಲೂದ್ ಅವರೇ, ಕಿಟಕಿ ಮುಚ್ಚಬೇಕಂತೆ."

"ಯಾರಿಗಂತೆ?"

"ನಿಮ್ಮ ಷಡ್ಡಕನಿಗೆ."

"ನನಗೆ ಷಡ್ಡಕ ಅಂತ ಯಾರೂ ನೆನಪಿಗೆ ಬರ್ತಿಲ್ಲ. ಹಿಂದೆ ಯಾರಿಗಾದ್ರೂ ಚಳಿ ಆಗ್ತಿದ್ರೆ ಮೀಸೆ ಹೊದ್ದುಕೊಳ್ಳೋಕೆ ಹೇಳಿ."

ಹಮ್ಮಾದಿಯ ಮೀಸೆ ನಿಜಕ್ಕೂ ಹೊದೆಯುವಷ್ಟಿತ್ತು. ಲಾರ್ಬಿ ನಗು ಬಂದದ್ದನ್ನು ಮುಚ್ಚಲು ಸುಮ್ಮನೆ ಹಾರ್ನ್ ಹೊಡೆದ.

ಕಾಡಿನ ಬಾಗಿಲಲ್ಲಿ ಖಾಕಿ ಹಾಕಿದ, ಕೊರಳಲ್ಲಿ ಸೀಟಿ ತೂಗಿಸಿಕೊಂಡ ಕಾವಲುಗಾರ್ತಿ ಇದ್ದಳು. ಇಟ್ಟೊ ಎಂದು ಹೆಸರು. "ದಾರಿ ಬಿಟ್ಟು ಇಳಿಯಬೇಡಿ. ಅವನ್ನ ಮುಟ್ಟಬೇಡಿ. ತಿನ್ನೋದೇನಿದ್ರೂ ವ್ಯಾನಿನಲ್ಲೇ ಇರ್ಲಿ. ಬಾಯಿ ತೆರೆದುಕೊಂಡು ದಿಟ್ಟಿಸಿ ನೋಡಿದ್ರೆ ಅವಕ್ಕೆ ಬೈದ ಹಾಗೆ," ಎಂದಳು.

"ಬೇಲಿ ಇಲ್ವಾ?" ಎಂದು ಬತೂಲ್ ಕೇಳಿದಳು.

"ಇದೆಯಲ್ಲ. ಈಗ ನೀವು ಅದರೊಳಗೇ ಹೋಗ್ತಿರೋದು."

ದೇವದಾರು ಮರಗಳ ಕೆಳಗೆ ನೆರಳು ತಣ್ಣಗಿತ್ತು. ಕೋತಿಗಳು ಎಲ್ಲೆಡೆ ಇದ್ದವು. ಬಾಲವಿಲ್ಲದ, ದಪ್ಪ ಕಂದುಗೂದಲಿನ ಆ ಕೋತಿಗಳು ದಾರಿಯ ಪಕ್ಕದಲ್ಲಿ ಕಂಬಳಿ ಹೊದ್ದು ಬಸ್ಸಿಗೆ ಕಾಯುವ ಹಳ್ಳಿಗರಂತೆ ಕೂತಿದ್ದವು. ಒಂದು ಇನ್ನೊಂದರ ತಲೆಯ ಹೇನು ನೋಡುತ್ತಿತ್ತು. ಒಂದು ಹೊಟ್ಟೆ ಕೆರೆದುಕೊಳ್ಳುತ್ತ ಬಂದವರನ್ನೆಲ್ಲ ಮೇಲಿಂದ ಕೆಳಗೆ ಅಳೆಯಿತು. ಇಲ್ಲಿ ನೋಡಲು ಬಂದವರು ಯಾರು, ನೋಡಿಸಿಕೊಳ್ಳುವವರು ಯಾರು ಎಂದು ಮಿಲೂದನಿಗೆ ಅನುಮಾನ ಬಂತು.

ಹಮ್ಮಾದಿಗೆ ಆಲಿವ್ ಇಲ್ಲದೆ ಒಂದು ಗಂಟೆ ಕಳೆಯುವ ಅಭ್ಯಾಸವಿರಲಿಲ್ಲ. ಜೇಬಿನಲ್ಲೊಂದು ಪೊಟ್ಟಣ ಅಡಗಿಸಿ ತಂದಿದ್ದ. ಇಟ್ಟೊ ಅತ್ತ ತಿರುಗಿದ್ದೇ ತಡ, ಒಂದನ್ನು ಬಾಯಿಗೆ ಹಾಕಿಕೊಂಡ. ಎರಡನೆಯದಕ್ಕೆ ಕೈಹಾಕಿದಾಗ ಜೇಬಿನಲ್ಲಿ ಆಗಲೇ ಇನ್ನೊಂದು ಕೈಯಿತ್ತು. ಸಣ್ಣ, ಕರಿಯ, ಕೂದಲಿನ ಕೈ. ಕೋತಿ ಪೊಟ್ಟಣ ಕಿತ್ತುಕೊಂಡು ಕೊಂಬೆಗೆ ಹಾರಿ, ಒಂದೊಂದೇ ಆಲಿವ್ ಚೀಪಿ, ಬೀಜವನ್ನು ಸರಿಯಾಗಿ ಹಮ್ಮಾದಿಯ ಟೋಪಿಯ ಮೇಲೆ ಉಗುಳಿತು.

ಮಿಲೂದ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಲಲ್ಲಾ ಬತೂಲ್, ಆ ಗಿರಾಕಿಗೆ ಸರಕು ಹಿಡಿಸ್ತಾ ಅಂತ ಕೇಳಿ. ಬೀಜ ಎಲ್ಲಾ ವಾಪಸ್ ಕೊಡ್ತಿದ್ದಾನೆ, ಎಣಿಸಿಕೊಳ್ಳೋಕೆ ಹೇಳಿ."

ಆ ನಗು ಹೆಚ್ಚು ಹೊತ್ತು ಬಾಳಲಿಲ್ಲ. ಮಿಲೂದ್ ತಾನೇ ಹೊಲಿದುಕೊಂಡ ಉದ್ದನೆಯ ಜಲ್ಲಾಬಾ ನಿಲುವಂಗಿ ತೊಟ್ಟಿದ್ದ. ಅದರ ಮುಸುಕುಟೋಪಿ ಬೆನ್ನಮೇಲೆ ಚೀಲದ ಹಾಗೆ ಜೋಲುತ್ತಿತ್ತು, ಅದರೊಳಗೆ ದುಂಡನೆಯ ರೊಟ್ಟಿಯೊಂದಿತ್ತು. ಕೈ ಖಾಲಿ ಇರಲೆಂದು ದಾರಿಗೆ ತಂದ ರೊಟ್ಟಿಯನ್ನು ಅಲ್ಲಿ ಹಾಕುವುದು ಅವನ ರೂಢಿ. ಇಟ್ಟೊ ಹೇಳಿದ ಮಾತಿಗೂ ತನ್ನ ಬೆನ್ನಿಗೂ ಸಂಬಂಧವಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಕೊಂಬೆಯಿಂದ ಒಂದು ಮರಿಕೋತಿ ಧೊಪ್ಪನೆ ಇಳಿದು ಮುಸುಕಿನೊಳಗೇ ಕೂತಿತು. ಕೊರಳಪಟ್ಟಿ ಹಿಂದಕ್ಕೆ ಜಗ್ಗಿ ಪರ್ರನೆ ಹರಿಯಿತು, ಮಿಲೂದನ ಮುಖ ಆಕಾಶಕ್ಕೆ ತಿರುಗಿತು. ಬೆನ್ನ ಹಿಂದೆ ಕರಂಕುರುಂ ಎಂದು ರೊಟ್ಟಿ ಮುರಿಯುವ ಸದ್ದು.

"ಲಲ್ಲಾ ಬತೂಲ್," ಎಂದ ಹಮ್ಮಾದಿ, ಟೋಪಿಯ ಬೀಜ ಕೊಡವಿಕೊಳ್ಳುತ್ತ, "ದರ್ಜಿಗೆ ಹೇಳಿ, ಹುಟ್ಟಿದಾಗಿನಿಂದ ಇವತ್ತೊಂದು ಬಟ್ಟೆ ಅಳತೆಗೆ ಸರಿಯಾಗಿ ಹೊಲಿದಿದ್ದಾನೆ ಅಂತ. ಎಷ್ಟು ಚೆನ್ನಾಗಿ ಕೂತಿದೆ ನೋಡಿ."

ಇಟ್ಟೊ ಸೀಟಿ ಊದಿಕೊಂಡು ಬಂದಳು. ಮರಿ ಉಳಿದ ರೊಟ್ಟಿಯೊಂದಿಗೆ ಮರ ಹತ್ತಿತು. ಇಬ್ಬರೂ ಬೈಸಿಕೊಂಡರು. ಆದರೆ ಕೋತಿ ಕೊಟ್ಟ ಪೆಟ್ಟಾಗಲೀ ಇಟ್ಟೊಳ ಬೈಗುಳವಾಗಲೀ ಅವರನ್ನು ಅಷ್ಟು ಚುಚ್ಚಲಿಲ್ಲ, ಇನ್ನೊಬ್ಬ ನಕ್ಕದ್ದು ಚುಚ್ಚಿತು. ಮಿಲೂದ್ "ಮೀಸೆ" ಎಂದ. ಹಮ್ಮಾದಿ "ಕೈ" ಎಂದ. ಮದುವೆಯ ಹರಿವಾಣ ಮತ್ತೆ ಮೇಲೆದ್ದು ಬಂತು.

ಯಾಮ್ನಾಳ ಮುಖ ಕೆಂಪಾಯಿತು. "ಸಾಕು ಮಾಡಿ. ಅಕ್ಕನ ಜೊತೆ ಮಾತಾಡೋಕೆ ನಾನು ಒದ್ದೆ ಚಾದರದ ಹಿಂದೆ ಬಗ್ಗಿ ನಿಲ್ಲಬೇಕು. ಸೊಂಟ ಬಿದ್ದುಹೋಗ್ತಿದೆ. ಹೋಗಿ, ಆ ಮರದ ಆಚೆ ಕೂತ್ಕೊಳ್ಳಿ. ಕೋತಿಗಳ ಹತ್ರ ಏನಾದ್ರೂ ಕಲಿಯೋದಿದ್ರೆ ಕಲ್ತು ಬನ್ನಿ."

ತಾಮು ತನ್ನ ಗಂಡನ ಕಡೆ ತಿರುಗಿದಳು. ಇನ್ನೊಂದು ದಿಕ್ಕಿಗೆ ಬೆರಳು ತೋರಿಸಿದಳು.

ಮಧ್ಯದಲ್ಲಿ ಒಂದು ಭಾರಿ ದೇವದಾರು, ನಾಲ್ಕು ಜನ ತಬ್ಬಿದರೂ ಸಿಕ್ಕದಂಥದು. ಅದರ ಈ ಕಡೆಯ ಬೆಂಚಿನಲ್ಲಿ ಮಿಲೂದ್ ಕೂತ. ಆ ಕಡೆ ಎಲ್ಲೋ ಹಮ್ಮಾದಿ.

ಮೊದಲು ಕೋಪದಲ್ಲಿ ನೆಲ ನೋಡುತ್ತ ಕೂತಿದ್ದ ಮಿಲೂದ್ ಆಮೇಲೆ ಬೇಸರಕ್ಕೆ ತಲೆಯೆತ್ತಿದ. ಎದುರಿನ ಬಂಡೆಯ ಮೇಲೆ ಒಂದು ದೊಡ್ಡ ಗಂಡುಕೋತಿ ಕೂತಿತ್ತು, ಭುಜ ಅಗಲ, ಮುಖ ಗಂಟು. ಸ್ವಲ್ಪ ದೂರದಲ್ಲಿ ಕಿವಿಹರುಕ ಗಂಡೊಂದು ಸುಳಿದಾಡುತ್ತಿತ್ತು. ಹತ್ತಿರ ಬರಲು ಅದಕ್ಕೆ ಆಸೆ. ಎರಡು ಹೆಜ್ಜೆ ಮುಂದೆ ಇಡುತ್ತದೆ, ಬಂಡೆಯವನು ಹುಬ್ಬು ಹಾರಿಸುತ್ತಾನೆ, ಇದು ಏನೋ ಬಿದ್ದುಹೋದದ್ದನ್ನು ಹುಡುಕುವ ಹಾಗೆ ನೆಲ ಕೆರೆಯುತ್ತದೆ. ಈ ನಾಟಕ ಮಿಲೂದನಿಗೆ ಚೆನ್ನಾಗಿ ಗೊತ್ತಿತ್ತು. ಹಮ್ಮಾದಿ ಆಡುವ ಮೇಜಿನ ಪಕ್ಕ ಹಾಯುವಾಗ ತಾನೂ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವುದುಂಟು.

ಅಷ್ಟರಲ್ಲಿ ಕಿವಿಹರುಕ ಸರ್ರನೆ ಹೋಗಿ, ತಾಯಿಯೊಂದರ ಪಕ್ಕದಲ್ಲಿ ಉರುಳಾಡುತ್ತಿದ್ದ ಕಪ್ಪು ಮರಿಯನ್ನು ಎತ್ತಿ ಎದೆಗವಚಿಕೊಂಡಿತು. ತಾಯಿ ಕಣ್ಣೆತ್ತಿಯೂ ನೋಡಲಿಲ್ಲ. ಮರಿಯನ್ನು ಹೊತ್ತು ಕಿವಿಹರುಕ ನೆಟ್ಟಗೆ ಬಂಡೆಗೆ ನಡೆಯಿತು. ಈಗ ಕಚ್ಚಾಟವೇ ಎಂದು ಮಿಲೂದ್ ಬೆಂಚಿನ ಅಂಚಿಗೆ ಜರುಗಿದ. ಕಚ್ಚಾಟವಾಗಲಿಲ್ಲ. ಕಿವಿಹರುಕ ಮರಿಯನ್ನು ಮುಂದೆ ಚಾಚಿತು. ಬಂಡೆಯವನ ಗಂಟುಮುಖ ಸಡಿಲವಾಯಿತು. ಎರಡು ಕೋತಿಗಳೂ ತುಟಿ ಅಗಲಿಸಿ, ಹಲ್ಲನ್ನು ಟಕಟಕಟಕ ಎಂದು ಬಡಿಯುತ್ತ, ಮರಿಯ ಮೇಲೆ ಬಗ್ಗಿ ಅದರ ಕಾಲು, ಬೆರಳು, ಹೊಟ್ಟೆ ಎಲ್ಲ ಪರೀಕ್ಷಿಸಿದವು. ಆಮೇಲೆ ಭುಜಕ್ಕೆ ಭುಜ ತಾಗಿಸಿ ಕೂತವು. ಒಂದು ಇನ್ನೊಂದರ ಬೆನ್ನಿನ ಕೂದಲು ಬಿಡಿಸತೊಡಗಿತು.

ಮಿಲೂದನಿಗೆ ಕೂತಲ್ಲಿ ಕೂರಲಾಗಲಿಲ್ಲ. ದಾರಿಯಲ್ಲಿ ಬರುತ್ತಿದ್ದ ಇಟ್ಟೊಳನ್ನು ತಡೆದ. "ಆ ಮರಿ ಅದರದೇನಾ?"

"ಯಾರದೋ. ಅದಕ್ಕೂ ಗೊತ್ತಿರಲಿಕ್ಕಿಲ್ಲ."

"ಮತ್ಯಾಕೆ ಎತ್ಕೊಂಡು ಹೋಯ್ತು?"

"ಗಂಡುಗಳಿಗೆ ಒಂದಕ್ಕೊಂದು ಆಗಲ್ಲ. ಬರಿಗೈಲಿ ಹತ್ರ ಹೋದ್ರೆ ಜಗಳ. ಮಧ್ಯ ಮಗು ಇದ್ರೆ ಇಬ್ಬರೂ ಮಗು ನೋಡ್ತಾರೆ, ಸಿಟ್ಟು ಮರೀತಾರೆ. ದಿನಾ ನೋಡ್ತೀನಿ." ಅವಳು ಮಿಲೂದನ ಹರಿದ ಕೊರಳಪಟ್ಟಿ ನೋಡಿದಳು. "ಮನುಷ್ಯರೇ ಇನ್ನೂ ಕಲಿತಿಲ್ಲ."

ಅವಳು ಹೋದಮೇಲೂ ಮಿಲೂದ್ ಆ ಎರಡು ಬೆನ್ನುಗಳನ್ನು ನೋಡುತ್ತ ನಿಂತ. ಒಂದು ಮಾತಿಲ್ಲ, ಕ್ಷಮೆ ಕೇಳಿದ್ದಿಲ್ಲ, ಹರಿವಾಣದ ಸುದ್ದಿ ಎತ್ತಿದ್ದಿಲ್ಲ. ಯಾರ ಮೀಸೆಯೂ ಮಣ್ಣಾಗಲಿಲ್ಲ. ಇಷ್ಟು ಸುಲಭದ ದಾರಿ ಮನುಷ್ಯನ ತಲೆಗೆ ಯಾಕೆ ಹೊಳೆಯಲಿಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಹಾಗೇ ನಿಂತು ತುಟಿ ಅಗಲಿಸಿ ಮೆಲ್ಲಗೆ ಒಮ್ಮೆ ಹಲ್ಲು ಬಡಿದು ನೋಡಿದ. ಪಕ್ಕದಲ್ಲಿ ಹಾದುಹೋಗುತ್ತಿದ್ದ ಫೆಜ್ ಕಡೆಯ ಒಂದು ಸಂಸಾರ ಸ್ವಲ್ಪ ವೇಗವಾಗಿ ನಡೆಯಿತು.

ಮರದ ಹಲಗೆಯ ಕಟ್ಟೆಯ ಮೇಲೆ ಹಸ್ನಾ ಕಂಬಳಿ ಹಾಸಿ ಕೂತಿದ್ದಳು. ಅವಳಿಗಳಲ್ಲಿ ಹುಡುಗಿ ತಿಲೀಲಾ ಒಂದೇ ಅಲ್ಲಿತ್ತು. ಹುಡುಗ ಅನಿರ್ ಬತೂಲಳ ಹತ್ತಿರ ಇರಬೇಕೆಂದುಕೊಂಡ ಮಿಲೂದ್ ಕೂಸನ್ನು ಎತ್ತಿಕೊಂಡ.

"ಎಲ್ಲಿಗೆ ಮಾವಾ?"

"ಕೋತಿ ತೋರಿಸಿ ತರ್ತೀನಮ್ಮ."

ಹಸ್ನಾ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಅವನು ದೂರ ಹೋಗಿದ್ದ. ತಿಲೀಲಾ ದಾರಿಯುದ್ದಕ್ಕೂ ಅವನ ಮೂಗು ಹಿಡಿದು ತಿರುಚಿತು. ಹಮ್ಮಾದಿ ಏನಾದರೂ ಅಂದುಬಿಟ್ಟರೆ? ಮಗು ಅತ್ತುಬಿಟ್ಟರೆ? ದೊಡ್ಡ ದೇವದಾರಿನ ಬುಡವನ್ನು ಸುತ್ತಿ ತಿರುಗಿದ.

ಎದುರಿಗೆ ಹಮ್ಮಾದಿ ನಿಂತಿದ್ದ. ತೋಳಿನಲ್ಲಿ ಅನಿರ್ ಇದ್ದ.

ಇಬ್ಬರೂ ನಿಂತಲ್ಲೇ ನಿಂತರು. ಮರದ ಆಚೆ ಕೂತವನಿಗೂ ಅದೇ ಬಂಡೆ ಕಂಡಿತ್ತು, ಅದೇ ಕೋತಿಗಳು ಕಂಡಿದ್ದವು ಎಂದು ಮಿಲೂದನಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ಏನು ಮಾಡುವುದೆಂದು ತೋಚದೆ ಅವನು ಹಲ್ಲು ಬಡಿದ. ಮೀಸೆಯ ಕೆಳಗಿಂದಲೂ ಟಕಟಕ ಸದ್ದು ಬಂತು.

"ಚಳಿಯಾ?" ಎಂದ ಹಮ್ಮಾದಿ, ಕೊನೆಗೆ.

"ನಿಂಗೆ?"

"ಸ್ವಲ್ಪ."

ಅವಳಿಗಳು ಒಂದನ್ನೊಂದು ಕಂಡು ಕೇಕೆ ಹಾಕಿ ಕೈಚಾಚಿದವು. ತಿಲೀಲಾ ಹಮ್ಮಾದಿಯ ಮೀಸೆಯನ್ನು ಮುಷ್ಟಿಯಲ್ಲಿ ಹಿಡಿಯಿತು. ಬಿಡಿಸಲು ಮಿಲೂದ್ ಕೈಹಾಕಲೇಬೇಕಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡ ಹಮ್ಮಾದಿ, "ನಿಧಾನ ಮಾರಾಯ, ಅದು ಹೊಲಿದದ್ದಲ್ಲ, ಬೆಳೆಸಿದ್ದು," ಎಂದ. ಮಿಲೂದ್ ನಕ್ಕ. ಹಮ್ಮಾದಿಯೂ ನಕ್ಕ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಬ್ಬರೂ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು.

"ಆ ಕ್ಷೌರಿಕ ಹೇಗೆ ಆಡ್ತಾನೆ?"

"ಅವನು ಎಲೆ ಇಳಿಸೋದನ್ನ ನನ್ನ ಮಗನ ಮದುವೇಲಿ ನೋಡಬಹುದು."

"ನಿನಗಿನ್ನೂ ಮಗ ಇಲ್ವಲ್ಲ."

"ಅದಕ್ಕೇ ಹೇಳಿದ್ದು."

ಇವರನ್ನು ಮೊದಲು ಕಂಡವಳು ಬತೂಲ್. ಅವಳ ಕೂಗಿಗೆ ಕೋತಿಗಳೂ ಮರ ಹತ್ತಿದವು. ಯಾಮ್ನಾ, ತಾಮು ಓಡಿಬಂದರು. ತಾಮು ಅತ್ತಳು. ಯಾಮ್ನಾ ಅಳಲಿಲ್ಲ, ಆದರೆ ಗಂಡನ ಹರಿದ ಕೊರಳಪಟ್ಟಿಯನ್ನು ಸರಿಪಡಿಸುತ್ತ ಬಹಳ ಹೊತ್ತು ಅಲ್ಲೇ ನಿಂತಳು. ಬೇಲಿಯ ಆಚೆ ವ್ಯಾನಿನ ಪಕ್ಕ ಊಟಕ್ಕೆ ಕೂತಾಗ ಷಡ್ಡಕರಿಬ್ಬರೂ ಒಂದೇ ಮಣ್ಣಿನ ಪಾತ್ರೆಯಿಂದ ತಿಂದರು. ಹಮ್ಮಾದಿ ಒಳ್ಳೆಯ ತುಂಡನ್ನೆಲ್ಲ ಮಿಲೂದನ ಕಡೆ ತಳ್ಳಿದ. ಮಿಲೂದ್ ಅದನ್ನು ವಾಪಸು ತಳ್ಳಿದ. ಆ ತಳ್ಳಾಟದಲ್ಲಿ ಅವು ಲಾರ್ಬಿಯ ಪಾಲಾದವು.

ಹೊರಡುವ ಹೊತ್ತಿಗೆ ಇಟ್ಟೊ ಬಾಗಿಲು ಮುಚ್ಚಲು ಬಂದಳು. ಇಬ್ಬರೂ ತೋಳಿಗೆ ತೋಳು ಹಾಕಿ ನಿಂತದ್ದನ್ನು ಕಂಡು ತಲೆಯಾಡಿಸಿದಳು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸರಿಯಿರುತ್ತಿತ್ತು. ಬತೂಲ್ ಬಿಡಬೇಕಲ್ಲ.

"ಅಲ್ಲಮ್ಮಾ, ಒಂದು ಕೇಳ್ತೀನಿ. ಆಗ ಇವರಿಗೆ ಎರಡು ಗಂಡಿನ ವಿಷಯ ಹೇಳ್ತಿದ್ಯಲ್ಲ, ನನಗೂ ಕೇಳಿಸ್ತು. ಮಗು ಎತ್ಕೊಂಡು ಬರೋದು ಯಾವುದು?"

"ಹೆಚ್ಚಾಗಿ ಕೈಲಾಗದ್ದು," ಎಂದಳು ಇಟ್ಟೊ ಬೀಗ ಹಾಕುತ್ತ. "ಯಜಮಾನ ಕೂತಲ್ಲೇ ಕೂತಿರ್ತಾನೆ. ಅವನಿಗೇನು ಭಯ? ಕೆಳಗಿನವನೇ ಹೆದರಿಕೊಂಡು ಮಗು ಅಡ್ಡ ಹಿಡ್ಕೊಂಡು ಬರ್ತಾನೆ."

ವ್ಯಾನು ಹೊರಟಿತು. ಈಗ ಇಬ್ಬರೂ ಒಂದೇ ಸೀಟಿನಲ್ಲಿದ್ದರು. ಕಾಡಿನ ಎರಡನೆಯ ತಿರುವಿನಲ್ಲಿ ಮಿಲೂದ್ ಹಮ್ಮಾದಿಯ ಮೊಣಕಾಲು ತಟ್ಟಿದ.

"ಏನೇ ಆಗ್ಲಿ, ನೀನು ಅನಿರನ್ನ ಎತ್ಕೊಂಡು ನನ್ನ ಹತ್ರ ಬಂದೆಯಲ್ಲ, ಅದು ದೊಡ್ಡ ಮನಸ್ಸು."

ಹಮ್ಮಾದಿ ಮೊಣಕಾಲನ್ನು ಪಕ್ಕಕ್ಕೆ ಸರಿಸಿದ. "ನಾನು ಬಂದದ್ದಾ? ತಿಲೀಲಾನ ಹೊತ್ಕೊಂಡು ನೀನಲ್ವಾ ಬಂದದ್ದು?"

"ನಾನು ಮಗೂಗೆ ಕೋತಿ ತೋರಿಸ್ತಿದ್ದೆ."

"ನಾನೂ ಕೋತಿ ತೋರಿಸೋಣ ಅಂತಲೇ ಹೊರಟದ್ದು. ಎದುರಿಗೆ ನೀನು ಬಂದೆ."

ಮುಂದಿನ ಸೀಟಿನಲ್ಲಿ ತಾಮು ಕಣ್ಣು ಮುಚ್ಚಿಕೊಂಡಳು.

"ನಾನು ವಯಸ್ಸಲ್ಲಿ ದೊಡ್ಡವನು," ಎಂದ ಮಿಲೂದ್. "ನಾನ್ಯಾಕೆ ಬರ್ಲಿ?"

"ನಾನು ಅಕ್ಕನ ಗಂಡ. ನಾನ್ಯಾಕೆ ಬರ್ಲಿ?"

"ಹಸ್ನಾ, ನೀನೇ ಹೇಳಮ್ಮ, ಮೊದಲು ಯಾರು ಮಗು ಎತ್ತಿದ್ದು?"

ಹಸ್ನಾ ಪಾಪ ನಿಜ ಹೇಳಿದಳು. "ಹಮ್ಮಾದಿ ಮಾವ ಮೊದಲು ಬಂದ್ರು. ಅದನ್ನೇ ನಿಮಗೆ ಹೇಳೋಣ ಅಂತಿದ್ದೆ, ನೀವು ನಿಲ್ಲಲಿಲ್ಲ."

"ಕೇಳಿಸ್ತಾ?" ಎಂದ ಮಿಲೂದ್, ವ್ಯಾನಿಗೆಲ್ಲ.

"ಮೊದಲು ಎತ್ತಿದ್ದು ಲೆಕ್ಕಕ್ಕಿಲ್ಲ, ಮೊದಲು ಹಲ್ಲು ಬಡಿದದ್ದು ಯಾರು?" ಎಂದ ಹಮ್ಮಾದಿ. "ನಾನು ಮಗು ಹಿಡ್ಕೊಂಡು ಸುಮ್ನೆ ನಿಂತಿದ್ದೆ. ಟಕಟಕ ಶುರುಮಾಡಿದ್ದು ನೀನು."

"ನಾನು ಮರದ ಹಿಂದೆ ಇದ್ದೆ, ನೋಡಿದೀನಿ," ಎಂದಳು ಬತೂಲ್. ಇಬ್ಬರೂ ಅವಳ ಕಡೆ ತಿರುಗಿದರು. ಜೀವಮಾನದಲ್ಲಿ ಅವಳ ಒಂದು ಮಾತಿಗೆ ಇಷ್ಟು ಬೆಲೆ ಬಂದಿರಲಿಲ್ಲ. ಅದನ್ನು ಒಂದೇ ಸಲಕ್ಕೆ ಖರ್ಚುಮಾಡಲು ಮನಸ್ಸಾಗದೆ, "ಆದ್ರೆ ನಾನ್ಯಾಕೆ ಬೇರೆಯವರ ಮನೆ ವಿಷಯಕ್ಕೆ ಬಾಯಿಹಾಕ್ಲಿ," ಎಂದು ತಲೆವಸ್ತ್ರ ಸರಿಮಾಡಿಕೊಂಡಳು.

ಮೆಕ್ನೆಸ್ ಮುಟ್ಟುವ ಹೊತ್ತಿಗೆ ಮಿಲೂದ್ ಮುಂದಿನ ಸೀಟಿನಲ್ಲಿದ್ದ, ಹಮ್ಮಾದಿ ಕಟ್ಟಕಡೆಯದರಲ್ಲಿದ್ದ.

ಮನೆಯೆದುರು ವ್ಯಾನು ನಿಂತಿತು. ಹಸ್ನಾ ಎರಡು ಭುಜಕ್ಕೂ ಒಂದೊಂದು ಮಲಗಿದ ಮಗುವನ್ನು ಒರಗಿಸಿಕೊಂಡು ವ್ಯಾನಿನ ಬಾಗಿಲ ಹತ್ತಿರ ಬಂದಳು. ಕೆಳಗೆ ಮಿಲೂದ್ ಈ ಕಡೆ, ಹಮ್ಮಾದಿ ಆ ಕಡೆ. ಮಿಲೂದನಿಗೆ ಬೆಂಚಿನ ಮೇಲೆ ಕೂತಿದ್ದ ಆ ಹೊತ್ತು, ಭುಜಕ್ಕೆ ತಾಗಿದ್ದ ಭುಜದ ಬಿಸಿ ಜ್ಞಾಪಕಕ್ಕೆ ಬಂತು. ಮನಸ್ಸು ಕರಗಿತು. ತಿಲೀಲಾಗೆಂದು ಕೈ ಚಾಚಿದ. ಅದೇ ಹೊತ್ತಿಗೆ ಆ ಕಡೆಯಿಂದಲೂ ಎರಡು ಕೈ ಮೇಲೆದ್ದವು. ಇಬ್ಬರ ಕಣ್ಣೂ ಕೂಡಿತು. ನಾಲ್ಕೂ ಕೈ ಕೆಳಗಿಳಿದವು.

"ಮಾವಾ, ಯಾರಾದ್ರೂ ಒಬ್ಬರು ಹಿಡ್ಕೊಳ್ಳಿ. ಇಳಿಯೋಕಾಗ್ತಿಲ್ಲ," ಎಂದಳು ಹಸ್ನಾ.

ಯಾರೂ ಮುಟ್ಟಲಿಲ್ಲ. ಮಿಲೂದ್ ಬಗ್ಗಿ ಚಪ್ಪಲಿಯ ಪಟ್ಟಿ ನೋಡಿಕೊಂಡ. ಹಮ್ಮಾದಿ ಆಕಾಶ ನೋಡಿದ.

ತಾಮು ಬಂದು ಅನಿರನ್ನು ತೆಗೆದುಕೊಂಡಳು. ಯಾಮ್ನಾ ತಿಲೀಲಾನ ತೆಗೆದುಕೊಂಡಳು. ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡಿದರು. ಹಲ್ಲುಗಿಲ್ಲು ಏನೂ ಬಡಿಯಲಿಲ್ಲ. ಹಸ್ನಾಳನ್ನೂ ಲಾರ್ಬಿಯನ್ನೂ ಬತೂಲಳನ್ನೂ ಕರೆದುಕೊಂಡು ಒಳಗೆ ಹೋಗಿ ಬೀದಿಬಾಗಿಲು ಮುಚ್ಚಿ, ಒಳಗಿನಿಂದ ಅಗುಳಿ ಹಾಕಿದರು.

ಹೊರಗೆ ಕತ್ತಲಾಗತೊಡಗಿತ್ತು. ಬಾಗಿಲ ಎಡಕ್ಕೆ ಮಿಲೂದ್, ಬಲಕ್ಕೆ ಹಮ್ಮಾದಿ ನಿಂತಿದ್ದರು. ಒಬ್ಬರು ಬಾಗಿಲು ಬಡಿದರೆ ಇಬ್ಬರಿಗೂ ತೆರೆಯುತ್ತಿತ್ತು. ಆದರೆ ಮೊದಲು ಬಡಿಯುವವರು ಯಾರು?